ಎರಡು ಡಬ್ಬಿಯ ಹುಡುಗಿ

ಹತ್ತನೇ ಕ್ಲಾಸಿನ ಜೊತೆಗೇ ಕಾಲೇಜನ್ನೂ ಓದುವ ಮಕ್ಕಳು ಬೆಳಿಗ್ಗೆ ಒಬ್ಬೊಬ್ಬರೂ ಇಬ್ಬಿಬ್ಬರಾಗಿ ಹೊರಟು, ಸಂಜೆ ದೀಪ ಹಚ್ಚುವ ಮೊದಲು ಕೈ ಹಿಡಿದು ಮತ್ತೆ ಒಬ್ಬರಾಗುವುದು ತುಮಕೂರಿನಲ್ಲಿ ಈಗ ಮಾಮೂಲು. ಒಂದು ವರ್ಷ ಉಳಿಯುತ್ತದಲ್ಲ ಎಂದು ಸುನಂದಾ ಕೂಡ ಮಗಳು ಇಂಚರಳಿಗೆ ದಿನಾ ಎರಡು ಡಬ್ಬಿ ಕಟ್ಟುತ್ತಿದ್ದಳು. ಆದರೆ ಇಬ್ಬರ ಸುಸ್ತೂ ಒಂದೇ ಮೈಗೆ ಸೇರಿ ಹುಡುಗಿ ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು.

ಇವತ್ತು ಸ್ಕೂಲಿನ ಇಂಚರ ಮಂಡಿ ತರಚಿಕೊಂಡು ನಗುತ್ತಾ ಬಂದಳು. ಕಾಲೇಜಿನವಳ ಸುಳಿವಿಲ್ಲ. ಅಕ್ಕಪಕ್ಕದ ಮನೆಗಳಲ್ಲೆಲ್ಲ ದೀಪ ಹತ್ತಿದರೂ ಸುನಂದಾ ಬೆಂಕಿಪೊಟ್ಟಣ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮತ್ತೆ ಒಬ್ಬರಾಗುವುದೇ ಬೇಡವೆಂದು ಹಾಸ್ಟೆಲ್ ಹಿಡಿದವರ ಕತೆ ಅವಳೂ ಕೇಳಿದ್ದಳು.

ಕೊನೆಗೂ ಬಂದ ಕಾಲೇಜಿನವಳು ಹೊಸ್ತಿಲಾಚೆಯೇ ನಿಂತು ಆ ಮಂಡಿ ನೋಡಿದಳು.

"ಏನೇ ಇದು?"

"ಖೊಖೋ. ಗೆದ್ವಿ!"

"ಆಡೋದು ನೀನು, ನಂಗೆ ಸಿಗೋದು ಬರೀ ನೆನಪು. ಅಮ್ಮಾ, ಕಾಲೇಜಿನ ಲೆಕ್ಕ ನಂಗಿಷ್ಟಾನೇ. ಆದ್ರೆ ಅದರ ಟೈಮಿಗೇ ಓದ್ತೀನಿ. ನಾಳೆಯಿಂದ ಒಬ್ಳೇ ಆಗಿ ಸ್ಕೂಲಿಗೆ ಹೋಗ್ಲಾ?"

"ಹೋಗುವಂತೆ. ಮೊದ್ಲು ಒಳಗೆ ಬಾರೆ ತಾಯಿ."

ಇಬ್ಬರೂ ಕೈ ಹಿಡಿದರು. ಸುನಂದಾ ಉಸಿರು ಬಿಟ್ಟು ದೀಪ ಹಚ್ಚಿದಳು.

ಅದರ ಬೆಳಕಲ್ಲಿ ಒಬ್ಬಳೇ ಇಂಚರ ಮಂಡಿ ಮುಟ್ಟಿಕೊಂಡು, "ಅಯ್ಯೋ, ಉರೀತೈತಮ್ಮಾ!" ಎಂದು ಖುಷಿಯಿಂದ ಕೂಗಿದಳು.