ಏಳನೆಯ ಜೆರ್ಸಿ

ಭಾನುವಾರ ಬೆಳಿಗ್ಗೆ ತಂಡದ ಜೆರ್ಸಿಗಳನ್ನು ಮಡಿಸುತ್ತಿದ್ದೆ. ಎಂಟು ವರ್ಷದ ಮಗಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ಆಡೋದು ಆರು ಜನ. ಏಳು ಯಾಕೆ ಒಗೀತೀಯ?"

"ಒಂದು ಹೆಚ್ಚಿಗೆ ಇರಲಿ ಅಂತ."

"ಅದನ್ನ ಯಾರೂ ಹಾಕ್ಕೊಳ್ಳೋದೇ ಇಲ್ವಲ್ಲ."

ನಾನು ಎದ್ದು ಡಬ್ಬಿಗೆ ಚಪಾತಿ ತುಂಬಿದೆ. ಆ ಜೆರ್ಸಿಯ ಮಾತನ್ನು ಇವಳಿಗೆ ಹತ್ತು ತುಂಬಿದ ಮೇಲೆ ಹೇಳೋಣ ಎಂದು ಗೆಳತಿಯರೆಲ್ಲ ಒಪ್ಪಿಕೊಂಡಿದ್ದೆವು.

ಕಾಲೇಜಿನಿಂದಲೂ ನಾವು ಥ್ರೋಬಾಲ್ ಆಡುತ್ತ ಬಂದವರು. ಎಂಟು ವರ್ಷಗಳಿಂದ ಹಿಂದಿನ ಎಡಮೂಲೆಯಲ್ಲಿ ಯಾರೂ ನಿಲ್ಲುವುದಿಲ್ಲ. ಅಲ್ಲಿಗೆ ಬಂದ ಚೆಂಡನ್ನು ಬಿಟ್ಟುಬಿಡುತ್ತೇವೆ. ಗೆರೆಯಾಚೆ ಕೂತ ಮಕ್ಕಳು, "ಆಂಟಿಗಳಿಗೆ ಓಡೋಕಾಗಲ್ಲ" ಎಂದು ನಗುತ್ತಾರೆ.

ಅಂದೂ ಚೆಂಡು ಅಲ್ಲಿಗೇ ಹಾರಿತು. ಮಗಳು ಗೆರೆ ದಾಟಿ ನುಗ್ಗಿ ಅದನ್ನು ಹಿಡಿದು, ಎಡಗೈಯಲ್ಲಿ ಬಲೆಯಾಚೆಗೆ ಎಸೆದಳು. ಯಾವಾಗ ತೊಟ್ಟಿದ್ದಳೋ, ಆ ಏಳನೆಯ ಜೆರ್ಸಿ ಅವಳ ಮೊಣಕಾಲಿನವರೆಗೆ ಇಳಿಬಿದ್ದಿತ್ತು.

"ಥೇಟ್ ಮಾಲಿನಿ ಕೈಯೇ ಕಣೇ" ಎಂದ ಗೆಳತಿ ಶಶಿ, ತಟ್ಟನೆ ಬಾಯಿ ಮುಚ್ಚಿಕೊಂಡಳು.

ಮಗಳು ಒಬ್ಬೊಬ್ಬರ ಮುಖವನ್ನೂ ನೋಡಿ, ನನ್ನ ಬಳಿ ಬಂದು ಬೆರಳು ಹಿಡಿದುಕೊಂಡಳು.

"ನನ್ನನ್ನ ಹೆತ್ತಿದ್ದು ಮಾಲಿನಿನಾ, ಅಮ್ಮಾ?"