ಹರಾಜು ಕೂಗುವವನ ಅಳು

"ಈಗ ನೀವು ಅಳಬೇಕು," ಎಂದಳು ಪರೀಕ್ಷಕಿ, ಆಟದ ಮರದ ಸುತ್ತಿಗೆಯೊಂದನ್ನು ಮಗುವಿನ ಅಪ್ಪನ ಕೈಗಿಡುತ್ತ. "ಇದರಿಂದ ಬೆರಳಿಗೆ ಹೊಡ್ಕೊಂಡ ಹಾಗೆ ಮಾಡಿ. ನೋವಾಯ್ತು ಅಂತ ಜೋರಾಗಿ ಅನ್ನಿ. ಪಾಪು ಏನು ಮಾಡ್ತಾಳೆ ಅಂತ ನಾನು ನೋಡ್ಬೇಕು."

ಅವನು ಗೋಡೆ ಬದಿಯ ಕುರ್ಚಿಯಲ್ಲಿ ಮುದುಡಿ ಕೂತಿದ್ದ. ಕೋಣೆಯ ನಡುವೆ ಚಾಪೆಯ ಮೇಲೆ ಮಗಳು. ಎರಡೂವರೆ ವರ್ಷ. ಆಟದ ಪಾತ್ರೆಯ ಮುಚ್ಚಳವನ್ನು ನೆಲದ ಮೇಲೆ ತಿರುಗಿಸಿ, ಅದು ಗರಗರ ಸುತ್ತಿ ಮಲಗುವ ತನಕ ನೋಡಿ, ಮತ್ತೆ ತಿರುಗಿಸುತ್ತಿದ್ದಳು. ಆಟಿಸಂ ಇರಬಹುದು, ಬೆಳವಣಿಗೆ ಹೇಗಿದೆ ಎಂದು ಪರೀಕ್ಷೆ ಮಾಡಿಸಿ ಎಂದು ಮಕ್ಕಳ ಡಾಕ್ಟರು ಕಳಿಸಿದ್ದರು. ಹೆಂಡತಿ ಬಂದಿರಲಿಲ್ಲ; ಉತ್ತರ ಕೇಳಿಸಿಕೊಳ್ಳಲು ನನಗೆ ಧೈರ್ಯವಿಲ್ಲ, ನೀವೇ ಹೋಗಿ ಬನ್ನಿ ಎಂದಿದ್ದಳು. ಪರೀಕ್ಷಕಿ ಮಗುವಿನ ಹೆಸರು ಕರೆದಿದ್ದಳು, ಸೋಪಿನ ಗುಳ್ಳೆ ಊದಿದ್ದಳು, ಬೊಂಬೆಗೆ ಹೊದಿಸಿ ಮಲಗಿಸಿದ್ದಳು, ಕಿಟಕಿಯ ಕಡೆ ಬೆರಳು ತೋರಿಸಿ "ಅಲ್ನೋಡು" ಎಂದಿದ್ದಳು. ಮಗು ಗುಳ್ಳೆಗಳನ್ನು ನೋಡಿತ್ತು. ಊದಿದವಳನ್ನು ನೋಡಿರಲಿಲ್ಲ.

ಅಪ್ಪ ಸುತ್ತಿಗೆಯನ್ನು ಹೆಬ್ಬೆರಳ ಮೇಲೆ ಮೆಲ್ಲಗೆ ಮುಟ್ಟಿಸಿದ. ಮುಖ ಕಿವುಚಿದ. ಸದ್ದು ಬರಲಿಲ್ಲ.

"ಕೇಳಿಸೋ ಹಾಗೆ ಮಾಡಿ."

"ಮಾಡಿದೆನಲ್ಲ ಮೇಡಂ."

"ನನಗೇ ಕೇಳಿಸ್ಲಿಲ್ಲ. ನೀವು ಏನು ಕೆಲಸ ಮಾಡೋದು?"

"ತರಕಾರಿ ಮಂಡೀಲಿ ಹರಾಜು ಕೂಗ್ತೀನಿ."

ಪರೀಕ್ಷಕಿಗೆ ನಗು ಬಂತು. "ಮತ್ತೆ ಗಂಟಲು ಎಲ್ಲಿ ಬಿಟ್ಟು ಬಂದ್ರಿ?"

"ಅಲ್ಲೇ. ಅದನ್ನ ಮನೆಗೆ ತರಲ್ಲ."

ತಮಾಷೆಗೆ ಅಂದದ್ದಲ್ಲ. ಮಗಳಿಗೆ ಸದ್ದು ಆಗಿಬರುವುದಿಲ್ಲ ಎಂದು ತಿಳಿದ ಮೇಲೆ ಆ ಮನೆಯೇ ದನಿ ತಗ್ಗಿಸಿಕೊಂಡಿತ್ತು. ಮಿಕ್ಸಿ ಪಕ್ಕದ ಮನೆ ಸೇರಿತು. ಬಾಗಿಲ ಗಂಟೆಯ ತಂತಿ ಕಿತ್ತರು. ಗಂಡಹೆಂಡಿರು ಜಗಳವನ್ನೂ ಪಿಸುಗುಟ್ಟಿಯೇ ಆಡಿದರು. ಪಿಸುಗುಟ್ಟಿದ ಜಗಳಕ್ಕೆ ಕಾವೇರದೆ ಕ್ರಮೇಣ ಅದೂ ನಿಂತಿತು, ಅದರ ಹಿಂದೆಯೇ ಮಾತೂ ನಿಂತಿತು. ಮಂಡಿಯ ಅಷ್ಟು ಜನರ ಗದ್ದಲದ ಮೇಲೆ ಕೂಗಿ ಟೊಮೇಟೊ ಬುಟ್ಟಿಗೆ ದರ ಏರಿಸುವ ಆಸಾಮಿ, ಹೊಸ್ತಿಲು ದಾಟಿದರೆ ಬಾಯಿಗೆ ಬೀಗ. ಸಂಜೆಯ ಪ್ರಾರ್ಥನೆಯನ್ನೂ ತುಟಿಯಲ್ಲೇ ಮುಗಿಸುವನು. ತುಟಿ ಅಲುಗಿದರೆ ಸಾಕು, ದೇವರಿಗೆ ಕೇಳಿಸುತ್ತದೆ ಎಂಬ ನಂಬಿಕೆ ಅವನದು. ಮಗಳ ವಿಷಯದಲ್ಲಿ ಮಾತ್ರ ಅಂಥ ಯಾವ ನಂಬಿಕೆಯೂ ಅವನ ಕೈಗೆ ಸಿಕ್ಕಿರಲಿಲ್ಲ. ಅವನು ಬಂದಾಗ ಅವಳು ತಿರುಗಿ ನೋಡಳು, ಹೋದಾಗ ಅಳಳು. "ನೀನು ಬಂದ್ರೂ ಒಂದೇ, ಗಾಳಿ ಬಂದ್ರೂ ಒಂದೇ ಅವಳಿಗೆ," ಎಂದು ಅವನ ಅಕ್ಕ ಒಮ್ಮೆ ಅಂದಿದ್ದಳು, ಮರುಕದಿಂದಲೇ. ಆ ಮಾತು ಮುರಿದ ಮುಳ್ಳಿನ ಹಾಗೆ ಒಳಗೇ ಉಳಿದಿತ್ತು.

"ಮೇಡಂ, ಈ ಪರೀಕ್ಷೇಲಿ ಒಂದು ಗೊತ್ತಾಗುತ್ತಾ?" ಎಂದ. "ನಾನು ಅವಳ ಅಪ್ಪ ಅಂತ ಅವಳಿಗೆ ಗೊತ್ತಾ ಅಂತ?"

ಪರೀಕ್ಷಕಿ ಹಾಳೆಯಿಂದ ತಲೆ ಎತ್ತಿದಳು. "ನಿಮಗೆ ನೋವಾದಾಗ ನಿಮ್ಮ ಮುಖ ನೋಡ್ತಾಳಾ ಅಂತ ಗೊತ್ತಾಗುತ್ತೆ. ಅಷ್ಟು ಹೇಳಬಲ್ಲೆ. ಆದ್ರೆ ನೀವು ಅಳದೆ ಇದ್ರೆ ಹೇಗೆ?"

ಅವನು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಕೈಮುಗಿದು, ಸುತ್ತಿಗೆ ಎತ್ತಿದ. ಹದವಾಗಿ ಅಳುವುದು ಅವನಿಗೆ ಮರೆತೇ ಹೋಗಿತ್ತು. ಅವನ ಬಳಿ ಉಳಿದಿದ್ದ ದನಿ ಎರಡೇ, ಪಿಸುಮಾತು ಮತ್ತು ಮಂಡಿಯ ಕೂಗು. "ಅಯ್ಯೋ, ಅಯ್ಯಯ್ಯೋ ನನ್ನ ಬೆರಳು" ಎಂದು ಎರಡನೆಯದೇ ಹೊರಟುಬಿಟ್ಟಿತು. ಕಿಟಕಿಯ ಗಾಜು ಗುಂಯ್ ಎಂದಿತು. ಹೊರಗೆ ಕಾಯುತ್ತಿದ್ದವರ ಮಾತು ನಿಂತಿತು. ಪರೀಕ್ಷಕಿಯ ಪೆನ್ನು ಜಾರಿತು.

ಮಗು ನಡುಗಿ ಎದ್ದು ನಿಂತಿತು. ಚಾಪೆಯ ಅಂಚಿನಲ್ಲೇ ಕೂತಿದ್ದ ಪರೀಕ್ಷಕಿಯನ್ನು ದಾಟಿ ಕುರ್ಚಿಯವರೆಗೂ ಓಡಿತು. ಅಪ್ಪನ ಮುಖ ನೋಡಲಿಲ್ಲ. ಬೆನ್ನು ತಿರುಗಿಸಿ ಅವನ ಮೊಣಕಾಲುಗಳ ನಡುವೆ ಸೇರಿಕೊಂಡು, ಅವನ ಎರಡೂ ಅಂಗೈಗಳನ್ನು ಎಳೆದು ತನ್ನ ಕಿವಿಗಳ ಮೇಲೆ ಒತ್ತಿಕೊಂಡಿತು. ಸುತ್ತಿಗೆ ನೆಲಕ್ಕೆ ಬಿತ್ತು.

"ಬಂದ್ಳು ಮೇಡಂ," ಎಂದ. ದನಿ ಆಗಲೇ ಪಿಸುಮಾತಿಗೆ ಇಳಿದಿತ್ತು.

"ಸುಳ್ಳು ಹೇಳಿ ಸಮಾಧಾನ ಮಾಡೋಕೆ ನನಗೆ ಬರಲ್ಲ," ಎಂದಳು ಪರೀಕ್ಷಕಿ, ಅವಳೂ ಅಷ್ಟೇ ಮೆಲ್ಲಗೆ. "ನಿಮ್ಮ ನೋವು ನೋಡೋಕೆ ಅವಳು ಬಂದಿಲ್ಲ. ಕಿವಿ ಮುಚ್ಚೋಕೆ ಎರಡು ಕೈ ಬೇಕಿತ್ತು ಅವಳಿಗೆ. ನಾನು ಹಾಗೇ ಬರೀಬೇಕಾಗುತ್ತೆ."

"ಬರ್ಕೊಳ್ಳಿ."

ಬರೆಯುತ್ತಿದ್ದವಳು ನಿಲ್ಲಿಸಿದಳು. "ಕೈ ನನ್ನವೂ ಇದ್ವು," ಎಂದಳು. "ಇಲ್ಲೇ, ಹತ್ರಾನೇ ಇದ್ವು."

ಅವನು ಅವಳ ಕೈಗಳನ್ನೊಮ್ಮೆ, ತನ್ನ ಕೈಗಳನ್ನೊಮ್ಮೆ ನೋಡಿದ. "ಹೆದರಿಸಿದೋನೂ ನಾನೇ ಅಲ್ವಾ ಮೇಡಂ?"

"ಹೂಂ. ಅದನ್ನೂ ಬರೀತೀನಿ."

ಬುಟ್ಟಿ ಎತ್ತಿ ಎತ್ತಿ ಒರಟಾದ ಆ ಕೈಗಳ ನಡುವೆ ಮಗಳ ತಲೆ ಬೆಚ್ಚಗೆ ನಿಂತಿತ್ತು. ಹಣೆಯ ಪಕ್ಕದ ನರ ಮಿಡಿಯುವುದು ಅವನ ಅಂಗೈಗೆ ತಿಳಿಯುತ್ತಿತ್ತು. ಏದುಸಿರು ಇಳಿಯಿತು. ಎತ್ತಿಕೊಂಡರೆ ಮೈ ಬಿಗಿ ಮಾಡಿ ಜಾರಿಬಿಡುವ ಮಗು, ಅವನ ಎದೆಗೆ ಒರಗಿದ್ದು ತನಗೇ ಗೊತ್ತಿಲ್ಲದ ಹಾಗೆ ಒರಗಿತು.

"ಸದ್ದು ನಿಂತು ಎಷ್ಟೋ ಹೊತ್ತಾಯ್ತಲ್ಲ," ಎಂದಳು ಪರೀಕ್ಷಕಿ. "ಇನ್ನು ಕೈ ತೆಗೀಬಹುದು."

ಅವನು ತೆಗೆಯಲಿಲ್ಲ.

"ಸದ್ದು ನಿಂತಿದ್ದು ಅವಳಿಗಿನ್ನೂ ಗೊತ್ತಾಗಿಲ್ಲ ಮೇಡಂ," ಎಂದ, ದನಿಯನ್ನು ಇನ್ನಷ್ಟು ತಗ್ಗಿಸಿ.