ವಾರದ ಜೋಳ

"ಈಕಿ ನನ್ನ ಜೀವಾ ತಿನ್ನಾಕ ನಿಂತಾಳ್ರಿ!" ಪೀರಪ್ಪ ತಲೆಯ ಪಟಗ ಬಿಚ್ಚಿ ಪಂಚರ ಮುಂದೆ ಎಸೆದ.

ಎದುರಿಗೆ ಅವನು ಬಿಟ್ಟ ಹೆಂಡತಿ ಮೋನಮ್ಮ ನೆಲ ನೋಡುತ್ತ ನಿಂತಿದ್ದಳು. ತೊಟ್ಟಿಲು ತೂಗಲಿಲ್ಲವೆಂದು ಪೀರಪ್ಪನ ತಾಯಿ ಹಠ ಹಿಡಿದು, ಯಾಲಾಲ ಊರಿನ ಇದೇ ಕಟ್ಟೆಯ ಮೇಲೆ ಕಡ್ಡಿ ಮುರಿಸಿ ಇಬ್ಬರ ಸಂಬಂಧ ಬಿಡಿಸಿದ್ದಳು. ಅವರ ಕುಲದಲ್ಲಿ ಮುರಿದ ಕಡ್ಡಿ ಮತ್ತೆ ಕೂಡುವುದಿಲ್ಲ. ಒಬ್ಬರ ಮನೆಗೊಬ್ಬರು ಹೋಗುವಂತಿಲ್ಲ, ಮಾತಾಡುವಂತಿಲ್ಲ. ಸಿಕ್ಕಿಬಿದ್ದರೆ ಕುಲದಿಂದ ಹೊರಗೆ. ಹೆಂಗಸಿನ ಹೊಟ್ಟೆಪಾಡಿಗೆಂದು ಸುಗ್ಗಿಗೊಮ್ಮೆ ಒಂದು ಚೀಲ ಜೋಳ ತಂದು ಅವಳ ಬಾಗಿಲ ಮುಂದೆ ಅಳೆದುಕೊಡಬೇಕು, ಅಷ್ಟೆ.

ಆ ಕಟ್ಟಳೆ ಬದಲಾಗಬೇಕೆಂಬುದೇ ಈಗ ಮೋನಮ್ಮನ ತಕರಾರು.

"ಜೋಳ ಸಾಲಲ್ಲೇನವ್ವಾ?" ಕುಲದ ಹಿರಿಯ ಹಣಮಂತರಾಯ ಕೇಳಿದ.

"ಸಾಲ್ತದ್ರಿ. ಒಮ್ಮಿಗೇ ಬ್ಯಾಡ್ರಿ. ಇಲಿ ತಿಂತಾವ, ಹುಳಾ ಬೀಳ್ತಾವ. ತಿಂಗಳಾ ತಿಂಗಳಾ ತರಲಿ. ಆಳಿನ ಕೈಯಾಗ ಕಳಸೂದು ಬ್ಯಾಡ. ತಾನೇ ಹೊತ್ತು ತರಲಿ."

"ತಾಂಡೂರಿನ ಹಟ್ಟಿ ಬಿಟ್ಟು ತಿಂಗಳಾ ಬಂದ್ರ ಕುರಿ ಯಾರು ಕಾಯ್ತಾರ? ಬೇಕಾದ್ರ ಎರಡು ಚೀಲ ಕೊಡ್ತೀನ್ರಿ, ಇದೊಂದು ಬ್ಯಾಡ!"

"ಎರಡು ಚೀಲ ನಂಗ್ಯಾಕ್ರಿ? ಉಣ್ಣಾಕಿ ಒಬ್ಬಾಕಿ."

ಕಟ್ಟೆಯ ಮೇಲಿನವರು ಮುಸಿಮುಸಿ ನಕ್ಕರು. ಗಂಡ ಹೋದರೂ ಮೂಗುದಾರ ಬಿಡದ ಹೆಂಗಸು ಎಂದು ಯಾರೋ ಅಂದರು. ಅವಳ ಗುಡಿಸಲು ಊರ ಕೊನೆಯದು. ಸಂಜೆ ಬಾಗಿಲಿಕ್ಕಿದರೆ ಬೆಳಗಿನವರೆಗೆ ಮನುಷ್ಯರ ದನಿ ಕಿವಿಗೆ ಬೀಳದು. ಒಂಟಿ ಬಾಳು ಎಂಥವರನ್ನೂ ಹಟಮಾರಿ ಮಾಡುತ್ತದೆ ಎಂದು ಪಂಚರು ತಲೆಯಾಡಿಸಿದರು. ಪೀರಪ್ಪನದೇನು ಸುಖವೇ? ತಾಯಿ ಸತ್ತ ಮೇಲೆ ಅವನ ಮಾತೆಲ್ಲ ಕುರಿಗಳ ಜೊತೆಗೇ. ಇಷ್ಟಾದರೂ ಈ ಪುಣ್ಯಾತ್ಗಿತ್ತಿಗೆ ಹೊಟ್ಟೆ ತಣ್ಣಗಾಗಿರಲಿಲ್ಲ.

"ನಿಮ್ಮ ಪಂಚಾಯ್ತಿ ಬ್ಯಾಡ!" ಪೀರಪ್ಪ ಕೂಗಿದ. "ನಾ ತಹಶೀಲ ಕಚೇರಿಗೇ ಹೋಗ್ತೀನಿ!"

ಹಣಮಂತರಾಯ ಸಿಟ್ಟಿನಿಂದ ಎದ್ದು ನಿಂತ. ಕುಲದ ಮಾತನ್ನು ನಿಜಾಮರ ಕಚೇರಿಗೆ ಒಯ್ಯುವುದೆಂದರೆ ಹಿರಿಯರ ಮುಖಕ್ಕೆ ಉಗುಳಿದಂತೆ.

"ಕಚೇರಿಗಿ ಹೋಗ್ತೀ? ಹಂಗಿದ್ರ ಕೇಳು. ತಿಂಗಳಾ ಅಲ್ಲ, ವಾರಾ ವಾರಾ ತರಬೇಕು! ಒಂದು ವಾರ ತಪ್ಪಿದ್ರೂ ಕುಲದಿಂದ ಹೊರಗ!"

ಪೀರಪ್ಪ ಹಣೆ ಚಚ್ಚಿಕೊಂಡ. ಮೋನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಟುಹೋದಳು. ಗೆದ್ದವಳಿಗೂ ನಾಚಿಕೆ ಬಂತು ಎಂದು ಜನ ಮಾತಾಡಿಕೊಂಡರು.

ಮುಂದಿನ ವಾರ ಪೀರಪ್ಪ ಸಣ್ಣ ಗಂಟು ಹೊತ್ತು ಬಂದು ಅವಳ ಬಾಗಿಲ ಮುಂದೆ ಇಳಿಸಿದ. ಮೋನಮ್ಮ ಮೊರ ಹಿಡಿದು ಎದುರಿಗೆ ಕೂತಳು. ಸುತ್ತ ಯಾರೂ ಇರಲಿಲ್ಲ.

"ಹೋದ ಸುಗ್ಗ್ಯಾಗ ಜೋಳ ಅಳಿವಾಗ ನಾ ಹೇಳಿದ್ದಿಲ್ಲೇನು, ನೀ ತಕರಾರು ತಗೀ, ನಾ ಕಚೇರಿ ಹೆಸರು ಎತ್ತತೀನಿ, ಮುದುಕ ಸಿಟ್ಟೀಲೆ ವಾರಾ ವಾರಾ ಬಾ ಅಂತಾನ ಅಂತ?" ಎಂದ ಪೀರಪ್ಪ, ಮೊದಲ ಸೇರನ್ನು ಬಲು ನಿಧಾನವಾಗಿ ಸುರಿಯುತ್ತ.